ಗಾಲಿಯ ಮೇಲಣ ಮನೆಯ ದೀಪ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ನೆರೆಯುವ ದನಗಳ ಜಾತ್ರೆ ನಮ್ಮ ನಾಡಿನಲ್ಲಿ ಹೆಸರಾದುದು. ಹಿಂದೆ ಈ ಜಾತ್ರೆಗೆ ದೂರದ ಊರುಗಳ ರೈತರು ಕಮಾನು ಗಾಡಿಗಳನ್ನು ಕಟ್ಟಿಕೊಂಡು ಬರುತ್ತಿದ್ದರು. ಜಾತ್ರೆ ಮುಗಿಯುವವರೆಗೂ ಗಾಡಿಯೇ ಅವರಿಗೆ ಮನೆ. ಅದರ ಮಗ್ಗುಲಲ್ಲಿ ಹೂಡಿದ ಮೂರು ಕಲ್ಲುಗಳೇ ಒಲೆ. ಗಾಡಿಯ ಅಡಿಯಲ್ಲಿ ತೂಗುಹಾಕಿದ ಲಾಟೀನೇ ದೀಪ. ಲಾಟೀನಿನಲ್ಲಿ ಎಣ್ಣೆ ಎಷ್ಟು ಉಳಿದಿದೆಯೆಂದು ತಿಳಿಯಲು ಅದನ್ನೊಮ್ಮೆ ಕುಲುಕಿದರೆ ಸಾಕಾಗಿತ್ತು. ದೀಪ ಮಂಕಾದರೆ ಎಣ್ಣೆ ತೀರಿರಬೇಕು, ಬತ್ತಿ ಕರಿಕಟ್ಟಿರಬೇಕು, ಇಲ್ಲವೆ ಗಾಜು ಮಸಿ ಹಿಡಿದಿರಬೇಕು. ಮೂರೂ ಕಣ್ಣಿಗೆ ಕಾಣುವ ಕಾರಣಗಳೇ.

ಇಂದು ಗಾಲಿಯ ಮೇಲಣ ಮನೆ ಬೇರೆಯ ರೂಪವನ್ನು ತಾಳಿದೆ. ದೇವನಹಳ್ಳಿಯ ಮಾರ್ಗವಾಗಿ ನಂದಿಬೆಟ್ಟಕ್ಕೋ ನೆಲಮಂಗಲದ ಮಾರ್ಗವಾಗಿ ಶಿವಗಂಗೆಗೋ ಹೊರಡುವ ಪ್ರವಾಸಿಗಳಲ್ಲಿ ಕೆಲವರು ಈಗ ಕ್ಯಾರವಾನ್ ಎಂಬ ವಾಹನದಲ್ಲಿ ಪಯಣಿಸುತ್ತಾರೆ. ಅದರೊಳಗೆ ಮಲಗಲು ಹಾಸಿಗೆ, ಅಡಿಗೆಗೆ ಕಟ್ಟೆ, ಪುಟ್ಟದೊಂದು ಫ್ರಿಜ್, ದೀಪ, ಫ್ಯಾನು ಎಲ್ಲವೂ ಉಂಟು. ನಿಂತ ಕಡೆಯಲ್ಲಿ ವಿದ್ಯುತ್ತನ್ನು ಬೇಡುವ ವಾಹನ ಇದೊಂದೇ ಅಲ್ಲ. ಹಳ್ಳಿಗಳಿಗೆ ಬರುವ ಸಂಚಾರಿ ಚಿಕಿತ್ಸಾಲಯಗಳನ್ನು ನೀವು ನೋಡಿರಬಹುದು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು ಬಸ್ಸುಗಳಲ್ಲಿ ಅಳವಡಿಸಿ ಕಳುಹಿಸುವ ವಿಜ್ಞಾನ ಪ್ರದರ್ಶನವು ನಿಮ್ಮ ಶಾಲೆಯ ಅಂಗಳಕ್ಕೂ ಬಂದಿರಬಹುದು. ಅಷ್ಟೇಕೆ, ಕರೆಂಟು ಹೋದಾಗ ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ದೀಪ ಉರಿಸುವ ಯು.ಪಿ.ಎಸ್. ಪೆಟ್ಟಿಗೆಯೂ ಇದೇ ಕುಲಕ್ಕೆ ಸೇರಿದುದು, ಗಾಲಿಗಳಿಲ್ಲವೆಂಬುದಷ್ಟೇ ವ್ಯತ್ಯಾಸ.

ಇಂತಹ ವಾಹನದಲ್ಲಿ ದೀಪವು ಮಂಕಾದರೆ ಕಾರಣವನ್ನು ಕಣ್ಣಿನಿಂದ ಕಾಣಲಾಗುವುದಿಲ್ಲ. ಬ್ಯಾಟರಿಯನ್ನು ಕುಲುಕಿ ಅದರಲ್ಲಿ ಎಷ್ಟು ಉಳಿದಿದೆಯೆಂದು ತಿಳಿಯುವಂತಿಲ್ಲ. ಇಲ್ಲಿ ದೋಷವು ತೋರಿಕೊಳ್ಳುವ ಎಡೆ ಒಂದು, ಅದು ಇರುವ ಎಡೆ ಇನ್ನೊಂದು. ಮಂಕಾದುದು ದೀಪ, ಜನರು ದೂರುವುದು ಬ್ಯಾಟರಿಯನ್ನು, ಕೆಟ್ಟುದು ಎಷ್ಟೋ ವೇಳೆ ಇವೆರಡೂ ಅಲ್ಲದ ಮತ್ತಾವುದೋ ಒಂದು. ಅದನ್ನು ಹುಡುಕುವ ಬಗೆ ಯಾವುದೆಂಬುದೇ ಈ ಪಾಠದ ವಿಷಯ.

ಮೊದಲಿಗೆ ವಿದ್ಯುತ್ತಿನ ಎರಡು ಬಗೆಗಳನ್ನು ನೆನಪಿಗೆ ತಂದುಕೊಳ್ಳೋಣ. ನಮ್ಮ ಮನೆಗಳಿಗೆ ಕಂಬದ ತಂತಿಯಿಂದ ಬರುವುದು ಪರ್ಯಾಯ ವಿದ್ಯುತ್ತು. ಅದು ಸೆಕೆಂಡಿಗೆ ೫೦ ಆವರ್ತಗಳಂತೆ ಹಿಂದಕ್ಕೂ ಮುಂದಕ್ಕೂ ತೊನೆದಾಡುತ್ತದೆ. ಇದರ ಒತ್ತಡವನ್ನು ಟ್ರಾನ್ಸ್‌ಫಾರ್ಮರಿನಿಂದ ಸುಲಭವಾಗಿ ಏರಿಸಲೂ ಇಳಿಸಲೂ ಬರುವುದರಿಂದ ಬಹು ದೂರಕ್ಕೆ ಸಾಗಿಸಲು ಇದೇ ಅನುಕೂಲ. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು ೧೪೭ ಕಿಲೋಮೀಟರ್ ದೂರ, ವಿದ್ಯುತ್ತು ಹರಿದದ್ದು ಈ ಗುಣದಿಂದಲೇ. ಮೂರು ವರ್ಷಗಳ ಬಳಿಕ, ೧೯೦೫ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆದರೆ ಈ ಪರ್ಯಾಯ ವಿದ್ಯುತ್ತಿಗೆ ಒಂದು ಕೊರತೆಯಿದೆ. ಅದನ್ನು ಹಾಗೆಯೇ ಬ್ಯಾಟರಿಯಲ್ಲಿ ಕೂಡಿಡಲಾಗದು. ಬ್ಯಾಟರಿಯು ಒಪ್ಪಿಕೊಳ್ಳುವುದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್ತನ್ನು ಮಾತ್ರ.

ಆದುದರಿಂದ ಕಂಬದ ವಿದ್ಯುತ್ತಿಗೂ ಬ್ಯಾಟರಿಗೂ ನಡುವೆ ಒಬ್ಬ ಮಧ್ಯಸ್ಥ ಬೇಕು. ಆ ಮಧ್ಯಸ್ಥನೇ ಕನ್ವರ್ಟರ್, ಅಂದರೆ ವಿದ್ಯುತ್ ಪರಿವರ್ತಕ. ಅದು ೨೩೦ ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಒಳಗೆ ಪಡೆದು ೧೪ ವೋಲ್ಟಿನ ಆಸುಪಾಸಿನ ನೇರ ವಿದ್ಯುತ್ತನ್ನಾಗಿ ಮಾಡಿ ಹೊರಗೆ ಕೊಡುತ್ತದೆ. ಆ ವಿದ್ಯುತ್ತು ಎರಡು ದಾರಿ ಹಿಡಿಯುತ್ತದೆ: ಒಂದು ಪಾಲು ವಾಹನದ ದೀಪ, ಫ್ಯಾನುಗಳಿಗೆ, ಉಳಿದ ಪಾಲು ಬ್ಯಾಟರಿಗೆ. ಮನೆಯ ಯು.ಪಿ.ಎಸ್. ಇದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕರೆಂಟು ಹೋದಾಗ ಬ್ಯಾಟರಿಯ ನೇರ ವಿದ್ಯುತ್ತನ್ನು ಮರಳಿ ಪರ್ಯಾಯ ವಿದ್ಯುತ್ತಾಗಿಸಿ ಮನೆಯ ದೀಪಗಳಿಗೆ ಒದಗಿಸುತ್ತದೆ.

ಇನ್ನು ಬ್ಯಾಟರಿ. ಸೀಸ ಮತ್ತು ಸಲ್ಫ್ಯೂರಿಕ್ ಆಮ್ಲಗಳಿಂದಾದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಎಂಬ ವಿಜ್ಞಾನಿಯು ೧೮೫೯ರಲ್ಲಿ ರಚಿಸಿದನು. ಒಂದೂವರೆ ಶತಮಾನ ಕಳೆದರೂ ಅದರ ಮೂಲತತ್ತ್ವ ಬದಲಾಗಿಲ್ಲ. ಪೆಟ್ಟಿಗೆಯೊಳಗೆ ಆರು ಕೋಶಗಳಿರುತ್ತವೆ. ಪ್ರತಿಯೊಂದು ಕೋಶವೂ ಸುಮಾರು ೨ ವೋಲ್ಟ್ ಕೊಡುವುದರಿಂದ ಒಟ್ಟು ೧೨ ವೋಲ್ಟ್ ಆಗುತ್ತದೆ. ಕೋಶದಲ್ಲಿ ಒಂದು ಬಗೆಯ ಫಲಕಗಳಲ್ಲಿ ಶುದ್ಧ ಸೀಸವೂ ಇನ್ನೊಂದು ಬಗೆಯ ಫಲಕಗಳಲ್ಲಿ ಸೀಸದ ಡೈಆಕ್ಸೈಡೂ ಇರುತ್ತವೆ. ನಡುವೆ ನೀರು ಬೆರೆತ ಆಮ್ಲ. ದೀಪ ಉರಿಯುತ್ತಿರುವಾಗ ಆಮ್ಲದ ಅಂಶವು ಎರಡೂ ಫಲಕಗಳನ್ನು ಸೇರಿ ಸೀಸದ ಸಲ್ಫೇಟ್ ಆಗುತ್ತದೆ, ದ್ರಾವಣ ತೆಳುವಾಗುತ್ತದೆ. ವಿದ್ಯುತ್ತನ್ನು ಒಳಕ್ಕೆ ಹರಿಸಿದಾಗ ಈ ಕ್ರಿಯೆ ಹಿಮ್ಮುಖವಾಗಿ ನಡೆದು ಆಮ್ಲವು ದ್ರಾವಣಕ್ಕೆ ಮರಳುತ್ತದೆ. ಹಾಗೆ ನೋಡಿದರೆ ಬ್ಯಾಟರಿಯೊಳಗೆ ವಿದ್ಯುತ್ತು ಇರುವುದೇ ಇಲ್ಲ. ಇರುವುದು ವಿದ್ಯುತ್ತನ್ನು ಕೊಡಬಲ್ಲ ರಾಸಾಯನಿಕ ಸ್ಥಿತಿ.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಒಂದು ಕುಟುಂಬವು ಕ್ಯಾರವಾನಿನಲ್ಲಿ ಹೊರಟು ಮಾಕಳಿದುರ್ಗದ ತಪ್ಪಲಿನ ಒಂದು ಹಳ್ಳಿಯಲ್ಲಿ ಸಂಜೆ ಬಿಡಾರ ಮಾಡಿದೆ. ಕುಟುಂಬದಲ್ಲಿ ಮಧುಮೇಹವುಳ್ಳ ಅಜ್ಜಿಯೊಬ್ಬರಿದ್ದಾರೆ. ಅವರ ಇನ್ಸುಲಿನ್ ಸೀಸೆಗಳು ಫ್ರಿಜ್ಜಿನಲ್ಲಿವೆ. ಇನ್ನೂ ತೆರೆಯದ ಇನ್ಸುಲಿನ್ನನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಹಳ್ಳಿಯವರೊಬ್ಬರು ತಮ್ಮ ಮನೆಯ ಸಾಕೆಟ್ಟಿನಿಂದ ಉದ್ದವಾದ ವಯರನ್ನೆಳೆದು ವಿದ್ಯುತ್ತನ್ನೂ ಕೊಟ್ಟಿದ್ದಾರೆ. ರಾತ್ರಿಯಿಡೀ ಬ್ಯಾಟರಿ ತುಂಬುತ್ತದೆಂದು ನಂಬಿ ಎಲ್ಲರೂ ನಿದ್ದೆ ಹೋಗಿದ್ದಾರೆ. ಬೆಳಗ್ಗೆ ಎದ್ದು ನೋಡಿದರೆ ದೀಪ ಕೆಂಪಗೆ ಮಿಣುಕುತ್ತಿದೆ, ಫ್ರಿಜ್ ನಿಂತಿದೆ.

ಹೆದ್ದಾರಿಯ ಪಕ್ಕದ ಅಂಗಡಿಗೆ ಹೋದರೆ ಸಿಗುವ ತೀರ್ಪನ್ನು ನಾವು ಊಹಿಸಬಹುದು: “ಬ್ಯಾಟ್ರಿ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ.” ತೀರ್ಪು ಕೆಲವೊಮ್ಮೆ ಸರಿಯೇ ಇರುತ್ತದೆ. ಆದರೆ ಅದು ಕಡೆಯಲ್ಲಿ ಬರಬೇಕಾದ ತೀರ್ಪು, ಮೊದಲಲ್ಲಿ ಅಲ್ಲ. ಹೊಸ ಬ್ಯಾಟರಿಗೆ ಹಲವು ಸಾವಿರ ರೂಪಾಯಿಗಳು ಬೇಕು. ದೋಷವು ಬೇರೆಡೆಯಲ್ಲಿದ್ದರೆ ಹೊಸ ಬ್ಯಾಟರಿಯೂ ಮಾರನೆಯ ರಾತ್ರಿಯೇ ಬರಿದಾಗುತ್ತದೆ. ನೆಲಮಂಗಲದ ಸುತ್ತ ಲಾರಿಗಳ ವಿದ್ಯುತ್ ಕೆಲಸವನ್ನು ಹಲವು ವರ್ಷ ಮಾಡಿ ಪಳಗಿದವರು ಸಹ ಹಾಗೆ ಆತುರಪಡುವುದಿಲ್ಲ. ಮಲ್ಟಿಮೀಟರನ್ನು ಕೈಗೆತ್ತಿಕೊಂಡ ಬಳಿಕವೇ ಅವರು ಬಾಯಿ ತೆರೆಯುವುದು.

ಮೀಟರನ್ನು ಮುಟ್ಟುವ ಮುನ್ನ ಅಪಾಯಗಳನ್ನು ಅರಿತಿರಬೇಕು. ೨೩೦ ವೋಲ್ಟಿನ ಭಾಗವನ್ನು ಬಿಚ್ಚುವುದು ತರಬೇತಾದ ಕೆಲಸಗಾರನಿಗೆ ಮೀಸಲು. ವಿದ್ಯಾರ್ಥಿಗಳು ಅದರ ಹತ್ತಿರ ಸುಳಿಯಬಾರದು. ೧೨ ವೋಲ್ಟಿನ ಭಾಗದಲ್ಲಿ ಶಾಕ್ ಹೊಡೆಯುವ ಭಯವಿಲ್ಲ; ಆದರೆ ಬೇರೆ ಭಯವುಂಟು. ಸ್ಪ್ಯಾನರೋ ಕೈಬಳೆಯೋ ಬ್ಯಾಟರಿಯ ಎರಡು ಧ್ರುವಗಳಿಗೂ ಒಟ್ಟಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಲೋಹವು ಕೆಂಪಗೆ ಕಾಯುತ್ತದೆ. ತುಂಬುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬೀಳುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ೪ ಪಾಲು ಸೇರಿದರೂ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಆದುದರಿಂದ ಹತ್ತಿರದಲ್ಲಿ ಬೀಡಿಯಾಗಲಿ ದೀಪದ ಜ್ವಾಲೆಯಾಗಲಿ ಇರಕೂಡದು. ಪೆಟ್ಟಿಗೆಯ ಬಾಗಿಲು ತೆರೆದಿರಬೇಕು. ಆಮ್ಲವು ಮೈಗೆ ಬಿದ್ದರೆ ಒರೆಸುತ್ತ ನಿಲ್ಲದೆ ಧಾರಾಳವಾಗಿ ನೀರು ಹೊಯ್ಯಬೇಕು. ಕಣ್ಣಿಗೆ ಹಾರಿದರಂತೂ ಬಹಳ ಹೊತ್ತು ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಈಗ ಪರೀಕ್ಷೆಗೆ ತೊಡಗೋಣ. ಮೊದಲನೆಯ ಅಳತೆ ವಿಶ್ರಾಂತಿಯಲ್ಲಿರುವ ಬ್ಯಾಟರಿಯದು. ಒಳಕ್ಕೂ ಹೊರಕ್ಕೂ ಏನೂ ಹರಿಯದಂತೆ ಕೆಲವು ಗಂಟೆ ಬಿಟ್ಟು ಅದರ ಧ್ರುವಗಳಿಗೆ ಮೀಟರನ್ನು ಹಿಡಿಯಬೇಕು. ೧೨.೬ ಅಥವಾ ೧೨.೭ ವೋಲ್ಟ್ ತೋರಿದರೆ ಬ್ಯಾಟರಿ ತುಂಬಿದೆ. ೧೨.೨ ಎಂದರೆ ಅರ್ಧದಷ್ಟು ಉಳಿದಿದೆ. ೧೧.೯ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಬರಿದಾಗಿದೆಯೆಂದೇ ತಿಳಿಯಬೇಕು. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಹನ್ನೆರಡು ವೋಲ್ಟ್ ಇದೆಯಲ್ಲ ಎಂದು ಸಮಾಧಾನಪಡುವವರು ಇಲ್ಲಿ ಮೋಸ ಹೋಗುತ್ತಾರೆ. ತುಂಬಿದ್ದಕ್ಕೂ ಬರಿದಾದುದಕ್ಕೂ ನಡುವಣ ಅಂತರ ಒಂದು ವೋಲ್ಟಿಗಿಂತಲೂ ಕಡಿಮೆ. ವಿಶ್ರಾಂತಿ ಕೊಡದೆ, ತುಂಬಿಸುವುದನ್ನು ನಿಲ್ಲಿಸಿದ ಕೂಡಲೇ ಅಳೆದರೆ ಅಂಕಿ ಸುಳ್ಳಾಗಿ ಮೇಲಿರುತ್ತದೆಂಬುದನ್ನೂ ನೆನಪಿಡಬೇಕು.

ಎರಡನೆಯ ಅಳತೆಯೇ ಮುಖ್ಯವಾದುದು. ಮೀಟರನ್ನು ಅದೇ ಧ್ರುವಗಳ ಮೇಲೆ ಹಿಡಿದು ಪರಿವರ್ತಕವನ್ನು ಚಾಲನೆ ಮಾಡಬೇಕು. ಅಂಕಿಯು ಏರತೊಡಗಿ ೧೩ನ್ನು ದಾಟಿದರೆ ಪರಿವರ್ತಕದಿಂದ ಬ್ಯಾಟರಿಗೆ ದಾರಿ ತೆರೆದಿದೆ ಎಂದರ್ಥ. ಅಂಕಿ ಕದಲದೆ ಇದ್ದಲ್ಲಿಯೇ ನಿಂತರೆ ಏನೂ ಬಂದು ಸೇರುತ್ತಿಲ್ಲ. ಈ ಒಂದು ನಿಮಿಷದ ಪರೀಕ್ಷೆಯಿಂದ ಹುಡುಕಾಟದ ಹೊಲವು ಎರಡಾಗಿ ಸೀಳುತ್ತದೆ. ದೋಷವಿಲ್ಲದ ಅರ್ಧವನ್ನು ನಾವು ತುಳಿಯಬೇಕಾಗಿಯೇ ಇಲ್ಲ.

ನಮ್ಮ ಕ್ಯಾರವಾನಿನಲ್ಲಿ ಅಂಕಿ ಕದಲಲಿಲ್ಲವೆಂದುಕೊಳ್ಳೋಣ. ಹಾಗಾದರೆ ಮೂಲದ ಕಡೆಗೆ ಹಿಂದಕ್ಕೆ ನಡೆಯಬೇಕು. ಪರಿವರ್ತಕದ ಬಾಯಿಗೆ ಬರುತ್ತಿರುವ ವಿದ್ಯುತ್ತಾದರೂ ಎಷ್ಟು? ಇಲ್ಲಿ ನಮ್ಮ ಸೀಮೆಯ ಒಂದು ವಿಶೇಷವನ್ನು ಹೇಳಬೇಕು. ದೊಡ್ಡಬಳ್ಳಾಪುರ, ದೇವನಹಳ್ಳಿಯ ಕಡೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ದ್ರಾಕ್ಷಿತೋಟಕ್ಕೂ ತರಕಾರಿಗೂ ರೇಷ್ಮೆಯ ಹಿಪ್ಪುನೇರಳೆಗೂ ನೀರು ಬರಬೇಕಾದುದು ಆಳವಾದ ಕೊಳವೆ ಬಾವಿಗಳಿಂದ. ಪಂಪ್‌ಸೆಟ್ಟುಗಳು ಒಟ್ಟಿಗೆ ಓಡತೊಡಗಿದಾಗ ತಂತಿಯ ಕೊನೆಯಲ್ಲಿರುವ ಮನೆಗಳಲ್ಲಿ ವೋಲ್ಟೇಜು ಕುಸಿಯುವುದುಂಟು. ಮನೆಯ ಫ್ಯಾನು ತುಸು ನಿಧಾನವಾಗುತ್ತದೆ. ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಆದರೆ ಪರಿವರ್ತಕದ ಪಾಡು ಬೇರೆ. ೨೩೦ ವೋಲ್ಟ್ ಬಂದಾಗ ೧೪ ವೋಲ್ಟ್ ಕೊಡುವ ಹಳೆಯ ಬಗೆಯ ಸಾದಾ ಪರಿವರ್ತಕವನ್ನು ತೆಗೆದುಕೊಳ್ಳಿ. ಒಳಬರುವುದು ಐದನೆಯ ಒಂದು ಪಾಲು ಇಳಿದು ೧೮೪ ಆದರೆ ಹೊರಬರುವುದೂ ಅದೇ ಪ್ರಮಾಣದಲ್ಲಿ ಇಳಿದು ಹೆಚ್ಚುಕಡಿಮೆ ೧೧.೨ ಆಗುತ್ತದೆ. ಬ್ಯಾಟರಿಯಲ್ಲಿಯೇ ೧೨ ವೋಲ್ಟ್ ಇರುವಾಗ ೧೧.೨ ವೋಲ್ಟಿನ ಒತ್ತಡವು ಅದರೊಳಕ್ಕೆ ಏನನ್ನು ತಾನೇ ತಳ್ಳೀತು? ತಗ್ಗಿನ ತೊಟ್ಟಿಯಿಂದ ಎತ್ತರದ ತೊಟ್ಟಿಗೆ ನೀರು ಹರಿಯದಷ್ಟೆ. ಇಳಿದದ್ದು ಐದರಲ್ಲೊಂದು ಪಾಲು. ನಿಂತದ್ದು ತುಂಬುವ ಕೆಲಸವೆಲ್ಲ. ಹೊಸ ಬಗೆಯ ಎಲೆಕ್ಟ್ರಾನಿಕ್ ಪರಿವರ್ತಕಗಳು ಇಂತಹ ಇಳಿತವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಆದರೂ ಅವಕ್ಕೂ ಒಂದು ಮಿತಿಯುಂಟು.

ಹಳ್ಳಿಯ ಮನೆಯಿಂದ ಎಳೆದ ವಯರನ್ನೂ ಮರೆಯುವಂತಿಲ್ಲ. ತೆಳುವಾದ ಉದ್ದನೆಯ ತಂತಿಯ ರೋಧ ಹೆಚ್ಚು. ಸಾಕೆಟ್ಟಿನಲ್ಲಿದ್ದ ವೋಲ್ಟೇಜಿನ ಒಂದು ಭಾಗವು ದಾರಿಯಲ್ಲಿಯೇ ಶಾಖವಾಗಿ ಕಳೆದುಹೋಗುತ್ತದೆ. ವಯರನ್ನು ಸುರುಳಿ ಬಿಚ್ಚದೆಯೇ ಬಳಸಿದರೆ ಆ ಶಾಖವು ಹೊರಹೋಗಲಾರದೆ ಹೊದಿಕೆಯನ್ನೇ ಕರಗಿಸಬಹುದು. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಎರಡು ತೂತಿನ ಸಾಕೆಟ್ಟಿಗಾಗಿ ಬಿಟ್ಟುಕೊಡುವ ಪರಿಪಾಠವೊಂದು ನಮ್ಮಲ್ಲಿದೆ. ರಬ್ಬರಿನ ಗಾಲಿಗಳ ಮೇಲೆ ನಿಂತ ವಾಹನದ ಮಟ್ಟಿಗೆ ಇದು ಪ್ರಾಣಕ್ಕೇ ಎರವಾಗುವ ಪರಿಪಾಠ. ಒಳಗಿನ ತಂತಿಯೊಂದು ಸವೆದು ವಾಹನದ ಲೋಹದ ಮೈಗೆ ತಾಗಿದರೆ, ಭೂಸಂಪರ್ಕವಿಲ್ಲದ ಕಾರಣ ಫ್ಯೂಸು ಹಾರುವುದಿಲ್ಲ. ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಬಾಗಿಲ ಹಿಡಿಯನ್ನು ಮುಟ್ಟಿದವರ ಮೈಯ ಮೂಲಕವೇ ವಿದ್ಯುತ್ತು ಭೂಮಿಗೆ ಇಳಿಯುತ್ತದೆ.

ಒಳಬರುವುದು ಸರಿಯಾಗಿದ್ದೂ ಹೊರಗೆ ಏನೂ ಬಾರದಿದ್ದರೆ ಪರಿವರ್ತಕದ ಫ್ಯೂಸುಗಳನ್ನು ನೋಡಬೇಕು. ಬ್ಯಾಟರಿಯನ್ನು ಯಾರಾದರೂ ಬಿಚ್ಚಿ ಧನ, ಋಣ ಧ್ರುವಗಳನ್ನು ಅದಲುಬದಲು ಜೋಡಿಸಿದರೆ ಕ್ಷಣಮಾತ್ರದಲ್ಲಿ ಫ್ಯೂಸು ಹಾರಿ ಉಳಿದ ಭಾಗಗಳನ್ನು ಕಾಪಾಡುತ್ತದೆ. ಹಲವು ಪರಿವರ್ತಕಗಳಲ್ಲಿ ಇದಕ್ಕೆಂದೇ ಫ್ಯೂಸುಗಳಿರುತ್ತವೆ. ಹಾರಿದ ಫ್ಯೂಸಿನ ಜಾಗದಲ್ಲಿ ಕೈಗೆ ಸಿಕ್ಕ ತಾಮ್ರದ ತಂತಿಯನ್ನು ಸುತ್ತುವವರು ಕಾವಲುಗಾರನನ್ನು ಮನೆಗೆ ಕಳುಹಿಸಿ ಬಾಗಿಲು ತೆರೆದಿಟ್ಟವರಂತೆ. ಕೆಲವೊಮ್ಮೆ ಪರಿವರ್ತಕವು ಅರ್ಧ ಗಂಟೆ ನಡೆದು ತಾನೇ ನಿಲ್ಲುತ್ತದೆ, ಆರಿದ ಮೇಲೆ ಮತ್ತೆ ಹೊರಡುತ್ತದೆ. ಇದು ಕೆಟ್ಟಿರುವುದರ ಗುರುತಲ್ಲ. ಅದರ ಪುಟ್ಟ ಫ್ಯಾನಿನ ಸಂದಿಯಲ್ಲಿ ಧೂಳು ತುಂಬಿ ಉಸಿರುಗಟ್ಟಿರುವುದರ ಗುರುತು. ಮಗ್ಗಗಳು ಓಡುವ ಮನೆಗಳ ಯು.ಪಿ.ಎಸ್. ಪೆಟ್ಟಿಗೆಗಳಲ್ಲಿ ಧೂಳಿನ ಜೊತೆಗೆ ನೂಲಿನ ಎಳೆಪುಡಿಯೂ ಸೇರಿಕೊಳ್ಳುವುದು ಸಹಜ.

ಇನ್ನೊಂದು ಬಗೆಯ ತೊಂದರೆಯಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ, ಕೆಟ್ಟಿರುವುದು ಲೆಕ್ಕ. ೧೦೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧ, ಎಂದರೆ ೫೦ ಆಂಪಿಯರ್-ಗಂಟೆ, ಖರ್ಚಾಗಿದೆಯೆನ್ನೋಣ. ಪರಿವರ್ತಕವು ೨೦ ಆಂಪಿಯರ್ ಕೊಡಬಲ್ಲದು. ಎರಡೂವರೆ ಗಂಟೆಯಲ್ಲಿ ತುಂಬಬೇಕಲ್ಲವೆ? ಆದರೆ ಅದೇ ವೇಳೆಯಲ್ಲಿ ಫ್ರಿಜ್, ಫ್ಯಾನು, ದೀಪಗಳು ಸೇರಿ ೧೨ ಆಂಪಿಯರನ್ನು ಎಳೆಯುತ್ತಿದ್ದರೆ ಬ್ಯಾಟರಿಯ ಪಾಲಿಗೆ ಉಳಿಯುವುದು ೮ ಮಾತ್ರ. ಆಗ ಆರು ಗಂಟೆಗೂ ಹೆಚ್ಚು ಕಾಲ ಬೇಕು. ತುಂಬುತ್ತ ಬಂದಂತೆ ಬ್ಯಾಟರಿಯು ವಿದ್ಯುತ್ತನ್ನು ಸ್ವೀಕರಿಸುವ ವೇಗವೂ ತಗ್ಗುವುದರಿಂದ ನಿಜದಲ್ಲಿ ಅದಕ್ಕಿಂತಲೂ ಹೆಚ್ಚು ಬೇಕು. ನಡುವೆ ಎರಡು ಗಂಟೆ ಕರೆಂಟು ಹೋಯಿತೆಂದರೆ ಬೆಳಗಿನ ಹೊತ್ತಿಗೆ ಆದ ಸಂಪಾದನೆ ಅಷ್ಟಕ್ಕಷ್ಟೆ.

ಪರಿವರ್ತಕದ ಬಾಯಲ್ಲಿ ೧೪ ವೋಲ್ಟ್ ಇದೆ, ಬ್ಯಾಟರಿಯ ಧ್ರುವಗಳಲ್ಲಿ ೧೩ ಮಾತ್ರ ತೋರುತ್ತಿದೆ ಎಂದುಕೊಳ್ಳಿ. ನಡುವಣ ಒಂದು ವೋಲ್ಟ್ ಎಲ್ಲಿ ಹೋಯಿತು? ಇದಕ್ಕೆ ಉತ್ತರವನ್ನು ನೀವು ವಿಜ್ಞಾನದ ತರಗತಿಯಲ್ಲಿ ಕಲಿಯುವ ಓಮನ ನಿಯಮವೇ ಹೇಳುತ್ತದೆ. ತಂತಿಯ ಒಂದು ಸೇರುವೆಯಲ್ಲಿ ಕಿಲುಬು ಹಿಡಿದು ಕೇವಲ ೦.೧ ಓಮಿನಷ್ಟು ರೋಧ ಉಂಟಾಗಿದೆಯೆನ್ನಿ. ೧೦ ಆಂಪಿಯರ್ ಹರಿಯುವಾಗ ಅಲ್ಲಿ ನಷ್ಟವಾಗುವುದು ೧೦ × ೦.೧, ಅಂದರೆ ೧ ವೋಲ್ಟ್. ಮನೆಯ ೨೩೦ ವೋಲ್ಟಿನ ತಂತಿಯಲ್ಲಿ ಇದೇ ೧೨೦ ವಾಟ್ ಸಾಮರ್ಥ್ಯವನ್ನು ಸಾಗಿಸಲು ಅರ್ಧ ಆಂಪಿಯರ್ ಸಾಕು. ಅಲ್ಲಿ ಅದೇ ಕಿಲುಬಿನಿಂದ ಆಗುವ ನಷ್ಟ ೦.೦೫ ವೋಲ್ಟ್. ೨೩೦ರಲ್ಲಿ ಅದು ಲೆಕ್ಕಕ್ಕೇ ಬಾರದು. ೧೨ರಲ್ಲಿ ಒಂದು ಹೋದರೆ ದೀಪದ ಮುಖವೇ ಬಾಡುತ್ತದೆ. ಆದುದರಿಂದ ಕಡಿಮೆ ವೋಲ್ಟೇಜಿನ ಏರ್ಪಾಟಿನಲ್ಲಿ ಸೇರುವೆಗಳೇ ಮರ್ಮಸ್ಥಾನಗಳು. ಬ್ಯಾಟರಿಯ ಧ್ರುವದ ಸುತ್ತ ಸುಣ್ಣದಂತೆ ಬಿಳಿಯ ಇಲ್ಲವೆ ಹಸಿರುನೀಲಿಯ ಪುಡಿ ಕಟ್ಟಿದ್ದರೆ ಮೊದಲು ೨೩೦ ವೋಲ್ಟಿನ ಸಂಪರ್ಕವನ್ನು ತಪ್ಪಿಸಿ, ಬಳಿಕ ಋಣಧ್ರುವದ ತಂತಿಯನ್ನೂ ಆಮೇಲೆ ಧನಧ್ರುವದ್ದನ್ನೂ ಬಿಚ್ಚಬೇಕು. ಅಡಿಗೆ ಸೋಡ ಬೆರೆಸಿದ ನೀರಿನಿಂದ ಪುಡಿಯನ್ನು ತೊಳೆದು, ಒರೆಸಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಜೋಡಿಸಿ, ಮೇಲೆ ತೆಳುವಾಗಿ ವ್ಯಾಸಲಿನ್ ಸವರಬೇಕು. ಸೋಡದ ನೀರು ಕೋಶದೊಳಕ್ಕೆ ಇಳಿಯಬಾರದು. ಬ್ಯಾಟರಿ ಸತ್ತಿತೆಂದು ಕೈಬಿಟ್ಟ ಎಷ್ಟೋ ವಾಹನಗಳು ಈ ಹತ್ತು ನಿಮಿಷದ ಕೆಲಸದಿಂದ ಬದುಕಿಕೊಂಡಿವೆ. ನನ್ನ ಮಟ್ಟಿಗೆ, ದುಬಾರಿ ಉಪಕರಣಗಳಿಗಿಂತ ಮೊದಲು ಒಂದು ತುಂಡು ಉಪ್ಪುಕಾಗದವನ್ನು ವಾಹನದಲ್ಲಿ ಇಟ್ಟುಕೊಳ್ಳುವುದೇ ಲೇಸು.

ಅಂಕಿಯು ಕಡಿಮೆಯಾಗದೆ ಅತಿಯಾಗಿ ಏರುವುದೂ ಉಂಟು. ಒಳ್ಳೆಯ ಪರಿವರ್ತಕವು ಮೊದಲು ೧೪.೪ ವೋಲ್ಟಿನ ಆಸುಪಾಸಿನಲ್ಲಿ ತುಂಬಿ, ತುಂಬಿದ ಬಳಿಕ ೧೩.೫ರ ಆಸುಪಾಸಿಗೆ ಇಳಿದು ಸುಮ್ಮನೆ ಕಾಯ್ದುಕೊಂಡಿರುತ್ತದೆ. ಇಳಿಯುವುದನ್ನು ಮರೆತ ಪರಿವರ್ತಕವು ಹಗಲಿರುಳೂ ತುಂಬುತ್ತಲೇ ಇದ್ದು ಕೋಶಗಳೊಳಗಿನ ನೀರನ್ನು ಹೈಡ್ರೋಜನ್, ಆಕ್ಸಿಜನ್ನುಗಳಾಗಿ ಒಡೆದು ಹೊರಗಟ್ಟುತ್ತದೆ. ಬ್ಯಾಟರಿಯ ಮೈ ಬಿಸಿಯಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರಬಹುದು. ಹಾಗೆ ವಾಸನೆ ಬಂದರೆ ಪರಿವರ್ತಕವನ್ನು ನಿಲ್ಲಿಸಿ, ಕಿಟಕಿ ಬಾಗಿಲುಗಳನ್ನು ತೆರೆದು ಎಲ್ಲರೂ ಹೊರಗೆ ಬರಬೇಕು. ತಿಂಗಳಿಗೊಮ್ಮೆಯಾದರೂ ಮುಚ್ಚಳಗಳನ್ನು ತೆಗೆದು ನೀರಿನ ಮಟ್ಟವನ್ನು ನೋಡಬೇಕು. ಫಲಕಗಳು ಮೇಲೆ ತೇಲಿ ಕಾಣಿಸುತ್ತಿದ್ದರೆ ಬಟ್ಟಿ ಇಳಿಸಿದ ನೀರನ್ನು ಎರೆಯಬೇಕು. ಕೊಳವೆ ಬಾವಿಯ ನೀರು ಖಂಡಿತ ಕೂಡದು. ನಮ್ಮ ಸೀಮೆಯ ಗಡಸು ನೀರಿನಲ್ಲಿ ಕರಗಿರುವ ಲವಣಗಳು ಅಡಿಗೆಯ ಪಾತ್ರೆಯಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ನೀವು ಬಲ್ಲಿರಿ. ಬ್ಯಾಟರಿಯೊಳಗೆ ಅವು ಮಾಡುವ ಹಾನಿ ಅದಕ್ಕಿಂತ ಹೆಚ್ಚಿನದು. ಆಮ್ಲವನ್ನೂ ಸೇರಿಸಬಾರದು. ಆವಿಯಾಗಿ ಹೋದದ್ದು ನೀರೇ ಹೊರತು ಆಮ್ಲವಲ್ಲ.

ಇಷ್ಟೆಲ್ಲ ಆದ ಮೇಲೆ ಬ್ಯಾಟರಿಯ ಸರದಿ. ಹೈಡ್ರೋಮೀಟರಿನಿಂದ ಪ್ರತಿ ಕೋಶದ ದ್ರಾವಣದ ಸಾಪೇಕ್ಷ ಸಾಂದ್ರತೆಯನ್ನು ಅಳೆಯಬೇಕು. ತುಂಬಿದ ಕೋಶದಲ್ಲಿ ಅದು ೧.೨೫ರ ಆಸುಪಾಸಿನಲ್ಲಿರುತ್ತದೆ, ಬರಿದಾದಾಗ ೧.೧೫ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಆರೂ ಕೋಶಗಳು ಒಂದೇ ಸಮನಾಗಿ ಕಡಿಮೆಯಿದ್ದರೆ ಬ್ಯಾಟರಿಗೆ ಹಸಿವಾಗಿದೆ ಅಷ್ಟೆ, ರೋಗವಲ್ಲ, ತುಂಬಿಸಿ ನೋಡಬೇಕು. ಐದು ಸರಿಯಿದ್ದು ಒಂದು ಮಾತ್ರ ತೀರ ಕೆಳಗಿದ್ದರೆ ಆ ಕೋಶವು ಕೆಟ್ಟಿದೆ. ಎಷ್ಟು ತುಂಬಿಸಿದರೂ ವಿಶ್ರಾಂತಿಯ ಅಳತೆ ೧೦.೫ ವೋಲ್ಟಿನ ಹತ್ತಿರವೇ ನಿಲ್ಲುವುದು ಇದರ ಇನ್ನೊಂದು ಗುರುತು. ಆರರಲ್ಲಿ ಒಂದನ್ನು ಕಳೆದರೆ ಉಳಿಯುವುದು ಅಷ್ಟೇ ತಾನೆ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಫಲಕಗಳ ಮೇಲಿನ ಮೆದುವಾದ ಸಲ್ಫೇಟು ಗಟ್ಟಿ ಹರಳಾಗುತ್ತದೆ, ಮರಳಿ ಕರಗುವುದಿಲ್ಲ. ವಾಹನವನ್ನು ಮಳೆಗಾಲವಿಡೀ ಶೆಡ್ಡಿನಲ್ಲಿ ಮರೆತವರು ಬ್ಯಾಟರಿ ಕಳೆದುಕೊಳ್ಳುವುದು ಹೀಗೆ. ಇತ್ತೀಚೆಗೆ ಬಳಕೆಗೆ ಬಂದಿರುವ ಲಿಥಿಯಂ ಬ್ಯಾಟರಿಗಳಿಗೆ ಈ ಯಾವ ಅಂಕಿಗಳೂ ಅನ್ವಯಿಸುವುದಿಲ್ಲ. ಅವಕ್ಕೆ ತಕ್ಕ ಪರಿವರ್ತಕವೇ ಬೇರೆ.

ಬ್ಯಾಟರಿಯನ್ನು ತುಂಬಿಸಲು ಇನ್ನೂ ಎರಡು ಮೂಲಗಳಿವೆ. ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ ಬರುವುದು ಒಂದು; ಸೂರ್ಯನಿಂದ ಬರುವುದು ಇನ್ನೊಂದು. ಚಾವಣಿಯ ಸೌರಫಲಕದ ಮೇಲೆ ಹುಣಿಸೆಮರದ ಒಂದು ಕೊಂಬೆಯ ನೆರಳು ಬಿದ್ದರೂ ಉತ್ಪತ್ತಿ ಬಹಳಷ್ಟು ಕುಸಿಯುತ್ತದೆ. ತಂಪಿಗಾಗಿ ವಾಹನವನ್ನು ಮರದಡಿ ನಿಲ್ಲಿಸುವವರು ಈ ವ್ಯಾಪಾರದಲ್ಲಿ ಏನನ್ನು ಕೊಟ್ಟು ಏನನ್ನು ಪಡೆಯುತ್ತಿದ್ದಾರೆಂಬುದನ್ನು ತಿಳಿದಿದ್ದರೆ ಸಾಕು.

ಎಲ್ಲ ಪರೀಕ್ಷೆಗಳೂ ಮುಗಿದು ಬ್ಯಾಟರಿಯೇ ಕೆಟ್ಟಿದೆಯೆಂದು ನಿಶ್ಚಯವಾದರೆ ಅದನ್ನು ಗುಜರಿಯವನ ತಕ್ಕಡಿಗೆ ಹಾಕುವುದು ಸರಿಯಲ್ಲ. ಬ್ಯಾಟರಿಯ ತೂಕದ ಬಹುಪಾಲು ಸೀಸ. ಅದನ್ನು ಬಯಲಿನಲ್ಲಿ ಒಡೆದು ಕುಲುಮೆಯಲ್ಲಿ ಕರಗಿಸುವ ಕಡೆ ಆಮ್ಲವು ನೆಲಕ್ಕಿಳಿಯುತ್ತದೆ, ಸೀಸದ ಹೊಗೆ ಊರ ಮೇಲೆ ಹರಡುತ್ತದೆ. ಮಕ್ಕಳ ಮೈಗೆ ಸೇರಿದ ಸೀಸವು ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಕೆಟ್ಟ ಮೇಲೆ ಸರಿಪಡಿಸುವ ಮದ್ದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನಿಯಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷದ ವಿಚಾರವಾಗಿ ದೇಶವನ್ನು ಎಚ್ಚರಿಸಲು ದಶಕಗಳ ಕಾಲ ಶ್ರಮಿಸಿದವರು. ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಬಗ್ಗೆ ಕೇಂದ್ರ ಸರ್ಕಾರವು ೨೦೦೧ರಲ್ಲಿಯೇ ನಿಯಮಗಳನ್ನು ಮಾಡಿತ್ತು. ಅವುಗಳ ಸ್ಥಾನದಲ್ಲಿ ೨೦೨೨ರ ನಿಯಮಗಳು ಬಂದಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಪ್ಪಿಸಿದರೆ ಬೆಲೆಯಲ್ಲಿ ಒಂದಿಷ್ಟು ಕಡಿತವೂ ದೊರೆಯುತ್ತದೆ.

ಹೊಸ ಬ್ಯಾಟರಿಯನ್ನು ಜೋಡಿಸುವ ಕ್ರಮ ಬಿಚ್ಚುವ ಕ್ರಮಕ್ಕೆ ತಿರುಗುಮುರುಗಾದುದು: ಮೊದಲು ಧನಧ್ರುವ, ಬಳಿಕ ಋಣಧ್ರುವ, ಕಡೆಯಲ್ಲಿ ೨೩೦ ವೋಲ್ಟ್. ಪರಿವರ್ತಕವು ಕೊಡುತ್ತಿರುವ ವೋಲ್ಟೇಜನ್ನು ಆಗ ಮತ್ತೊಮ್ಮೆ ಅಳೆಯಬೇಕು, ಬ್ಯಾಟರಿ ತುಂಬಿದ ಮೇಲೆ ಅದು ೧೩.೫ರ ಹತ್ತಿರಕ್ಕೆ ಇಳಿಯುವುದೇ ಎಂದೂ ಕಾದು ನೋಡಬೇಕು. ಹಳೆಯದ ನೀರನ್ನು ಇಂಗಿಸಿದ ಪರಿವರ್ತಕವು ಹೊಸದರದನ್ನೂ ಬಿಡುವುದಿಲ್ಲ. ಜೋಡಿಸಿದ ದಿನಾಂಕವನ್ನೂ ಆ ದಿನದ ಅಳತೆಗಳನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬಾಗಿಲ ಒಳಮಗ್ಗುಲಿಗೆ ಅಂಟಿಸಿಟ್ಟರೆ, ಮುಂದೆ ದೀಪ ಮಂಕಾದ ದಿನ ಮೀಟರನ್ನು ಹಿಡಿದು ಬರುವವನಿಗೆ ಹೋಲಿಸಿ ನೋಡಲು ಅಂಕಿಗಳು ಸಿದ್ಧವಾಗಿರುತ್ತವೆ.